ದಂಪತಿಗಳ ವಚನ: ಎರಡು ಅಂಕಿತ, ಒಂದು ಮನೆ



ಕಾರ್ಕಳದ ಭಕ್ತ ಮನೆತನವೊಂದರ ತಾಯಿಯೊಬ್ಬರು ಕಳುಹಿಸಿದ ಪ್ರಶ್ನೆಯೊಂದನ್ನು ಈ ತಿಂಗಳ ಚಿಂತನೆಗೆ ಎತ್ತಿಕೊಂಡಿದ್ದೇನೆ. ಅವರ ಮನೆಯಲ್ಲಿ ಸೋಮವಾರ ಸಂಜೆ ಲಿಂಗಪೂಜೆಯ ತರುವಾಯ ಎಲ್ಲರೂ ಕುಳಿತು ವಚನಗಳನ್ನು ಹಾಡುವ ರೂಢಿಯಿದೆ. ಕಾಲೇಜಿನಲ್ಲಿ ಓದುತ್ತಿರುವ ಮಗಳು ಒಂದು ದಿನ ಆಯ್ದಕ್ಕಿ ಲಕ್ಕಮ್ಮನ ವಚನವನ್ನು ಹಾಡಿ ಮುಗಿಸಿ, "ತನ್ನ ಅನುಭವವನ್ನು ಹೇಳಿಕೊಳ್ಳುವುದಕ್ಕೂ ಈ ತಾಯಿಗೆ ಗಂಡನ ಹೆಸರಿನ ಮುದ್ರೆ ಬೇಕಾಯಿತೇ? ಇದು ಅವಳ ಮಾತೋ ಅವನ ಮಾತೋ?" ಎಂದು ಕೇಳಿದಳಂತೆ. ಉತ್ತರ ದೊರೆಯುವ ತನಕ ಆ ವಚನಗಳನ್ನು ತಾನು ಹಾಡುವುದಿಲ್ಲವೆಂದೂ ಹೇಳಿದ್ದಾಳೆ. ತಾಯಿಗೆ ಉತ್ತರ ತೋರಿಲ್ಲ; ಮಗಳನ್ನು ಗದರಿಸುವುದಕ್ಕೆ ಮನಸ್ಸೂ ಒಪ್ಪಿಲ್ಲ.

ಗದರಿಸದಿದ್ದುದು ಒಳ್ಳೆಯದೇ ಆಯಿತು. ಪ್ರಶ್ನೆ ಕೇಳುವವರನ್ನು ಶರಣರು ಹೊರಗೆ ಕಳುಹಿಸಲಿಲ್ಲ. ಅನುಭವ ಮಂಟಪದ ಗೋಷ್ಠಿಯೇ ಪ್ರಶ್ನೋತ್ತರದಿಂದ ಬೆಳೆದುದು. ಆ ಮಗಳ ಮಾತಿನಲ್ಲಿ ಅಗೌರವವಿಲ್ಲ. ಹಾಡುವವಳಿಗೆ ತಾನು ಹಾಡುತ್ತಿರುವುದು ಯಾರ ದನಿ ಎಂಬುದನ್ನು ತಿಳಿಯುವ ಹಕ್ಕಿದೆ. ಆದುದರಿಂದ ಗಂಡ ಹೆಂಡತಿ ಇಬ್ಬರೂ ವಚನಕಾರರಾಗಿದ್ದ ಮನೆಗಳಲ್ಲಿ ಮಾತು ಹೇಗೆ ಹುಟ್ಟಿತು, ಯಾರದು ಯಾರಿಗೆ ಸೇರಿತು ಎಂಬುದನ್ನು ನಿಧಾನವಾಗಿ ನೋಡೋಣ.

ಪ್ರಶ್ನೆ ಬಂದ ನೆಲದಿಂದಲೇ ಆರಂಭಿಸುವುದು ಯುಕ್ತ. ಕಾರ್ಕಳವೆಂದೊಡನೆ ನಮಗೆ ನೆನಪಾಗುವುದು 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಗೊಮ್ಮಟಮೂರ್ತಿ. ಆದರೆ ಆ ಸೀಮೆಯ ಸಂಪತ್ತು ಕಲ್ಲಿನಲ್ಲಿ ಮಾತ್ರವಲ್ಲ, ಹಾಡಿನಲ್ಲಿಯೂ ಇದೆ. ತುಳುನಾಡಿನ ಭೂತಾರಾಧನೆಯನ್ನು ಕಂಡವರು ಬಲ್ಲರು: ಪಂಬದ, ಪರವ, ನಲಿಕೆ ಸಮುದಾಯಗಳ ಕಲಾವಿದನು ಬಣ್ಣ ಬರೆದುಕೊಂಡು ದೈವದ ವೇಷಕ್ಕೆ ಅಣಿಯಾಗುತ್ತಿರುವಾಗ ಅವನ ಮನೆಯ ಹೆಂಗಸರು, ಅನೇಕ ವೇಳೆ ಹೆಂಡತಿಯೇ, ಪಕ್ಕದಲ್ಲಿ ಕುಳಿತು ತೆಂಬರೆಯನ್ನು ಬಾರಿಸುತ್ತ ಆ ದೈವದ ಪಾಡ್ದನವನ್ನು ಹಾಡುತ್ತಾರೆ. ದೈವ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಬಂದಿತು, ಯಾರಿಗೆ ನ್ಯಾಯ ಕೊಟ್ಟಿತು ಎಂಬುದೆಲ್ಲ ಆ ಹಾಡಿನಲ್ಲಿದೆ. ಕುಣಿತ ಗಂಡನದು, ಕುಣಿತಕ್ಕೆ ಅರ್ಥ ಕೊಡುವ ಕಥೆ ಹೆಂಡತಿಯ ಕಂಠದಲ್ಲಿದೆ. ನೋಡುವವರ ಕಣ್ಣು ವೇಷದ ಮೇಲಿರುವುದರಿಂದ ಆ ಕಂಠ ಯಾರದೆಂದು ಕೇಳುವವರು ವಿರಳ.

ಕಾರ್ಕಳ ಸೀಮೆಯ ನಂದಳಿಕೆ ಎಂಬ ಊರನ್ನು ಇಲ್ಲಿ ವಿಶೇಷವಾಗಿ ಹೆಸರಿಸಬೇಕು. ಅಲ್ಲಿಯ ಮಹಾಲಿಂಗೇಶ್ವರ ದೇವಾಲಯದ ಪರಿಸರದಲ್ಲಿ ವರ್ಷಕ್ಕೊಮ್ಮೆ ಹುಣ್ಣಿಮೆಯ ರಾತ್ರಿ ಸಿರಿಜಾತ್ರೆ ನಡೆಯುತ್ತದೆ. ನೂರಾರು ಮಂದಿ ಹೆಂಗಸರು ಸಿರಿಯ ಆವೇಶದಲ್ಲಿ ಆ ಮಹಾತಾಯಿಯ ಕಥೆಯನ್ನೇ ಮಾತಾಡುತ್ತಾರೆ. ಸತ್ಯನಾಪುರದ ಸಿರಿ ಬಸುರಿಯಾಗಿದ್ದಾಗ, ಅವಳ ಬಯಕೆಯ ಸಂಭ್ರಮಕ್ಕೆಂದು ತಂದ ಸೀರೆಯನ್ನು ಗಂಡನಾದ ಕಾಂತು ಪೂಂಜನು ಮೊದಲು ತನ್ನ ಪ್ರೇಯಸಿಯ ಮನೆಗೆ ಒಯ್ದನು. ಆ ಸೀರೆಯನ್ನು ಸಿರಿ ಉಡಲೊಲ್ಲಳು. ಮುಂದೆ ಅವಳು ಅಂಥ ದಾಂಪತ್ಯದಿಂದ ಬಿಡುಗಡೆಯನ್ನೇ ಪಡೆದು ಹೊರಟುಹೋಗುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಈ ಮಹಾಕಾವ್ಯವನ್ನು 1990ರಲ್ಲಿ ಧ್ವನಿಮುದ್ರಿಸಿಕೊಂಡು, ಫಿನ್‌ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ತುಳುನಾಡಿನ ವಿದ್ವಾಂಸರ ಸಹಕಾರದಿಂದ 1998ರಲ್ಲಿ ಪ್ರಕಟಿಸಿದರು. ಅದರಲ್ಲಿ ಹದಿನೈದು ಸಾವಿರಕ್ಕೂ ಮಿಕ್ಕಿದ ಸಾಲುಗಳಿವೆ. ದಾಂಪತ್ಯದಲ್ಲಿ ಹೆಣ್ಣಿನ ಮಾತು ಕೇಳಿಸದೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಆ ನೆಲ ಕಾಪಾಡಿಕೊಂಡು ಬಂದ ಸಾಕ್ಷಿ ಅದು.

ಅದೇ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದವರು ಲಕ್ಷ್ಮೀನಾರಣಪ್ಪನವರು, ಎಂದರೆ ನಮ್ಮ ಮುದ್ದಣ ಕವಿ. ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದು, ಬಡತನದಲ್ಲಿ ಬಾಳಿ, ಕ್ಷಯರೋಗದಿಂದ 1901ರಲ್ಲಿ ಮೂವತ್ತೊಂದನೆಯ ವಯಸ್ಸಿಗೇ ತೀರಿಕೊಂಡ ಈ ಕವಿ ಬರೆದ ‘ಶ್ರೀರಾಮಾಶ್ವಮೇಧ’ದಲ್ಲಿ ಮುದ್ದಣ ಮನೋರಮೆಯರ ಸಲ್ಲಾಪವಿದೆ. ಕಥೆ ಹೇಳುವವನು ಗಂಡ, ಕೇಳುವವಳು ಹೆಂಡತಿ. ಆದರೆ ಅವಳು ಸುಮ್ಮನೆ ಕೇಳುವವಳಲ್ಲ. ಕಥೆ ಪದ್ಯದಲ್ಲಿರಬೇಕೋ ಗದ್ಯದಲ್ಲಿರಬೇಕೋ ಎಂಬುದನ್ನು ನಿರ್ಣಯಿಸುವವಳು ಅವಳು. ಸಂಸ್ಕೃತದ ಭಾರ ಹೆಚ್ಚಾದಾಗ ತಡೆಯುವವಳು, ಉತ್ಪ್ರೇಕ್ಷೆ ಬಂದಾಗ ನಗುವವಳು ಅವಳೇ. ಕನ್ನಡ ಸಾಹಿತ್ಯದಲ್ಲಿ ಇಷ್ಟು ಮಧುರವಾದ ದಂಪತಿಗಳ ಸಂವಾದ ಬೇರೊಂದಿಲ್ಲವೆಂದರೂ ಸಲ್ಲುತ್ತದೆ. ಆದರೂ ಒಂದು ಮಾತನ್ನು ಮರೆಯಲಾಗದು. ಮನೋರಮೆಯ ಮಾತೆಲ್ಲವೂ ಮುದ್ದಣನ ಲೇಖನಿಯಿಂದಲೇ ಬಂದುದು. ಕವಿಯ ಧರ್ಮಪತ್ನಿ ಕಮಲಾಬಾಯಿಯವರ ಸ್ವಂತ ಮಾತು ಅದರಲ್ಲಿ ಎಷ್ಟಿದೆ ಎಂದು ಪ್ರತ್ಯೇಕಿಸಿ ತೋರಿಸುವ ಗುರುತು ಆ ಕೃತಿಯಲ್ಲಿಲ್ಲ.

ಹೀಗೆ ಒಂದೇ ಊರಿನ ಆಸುಪಾಸಿನಲ್ಲಿ ಎರಡು ಬಗೆಯ ದಾಂಪತ್ಯಗಳನ್ನು ಕಂಡೆವು. ಸಿರಿಯ ಕಥೆಯಲ್ಲಿ ಹೆಣ್ಣಿಗೆ ದನಿಯಿದೆ, ಆದರೆ ಕೇಳುವ ಗಂಡನಿಲ್ಲ. ಮುದ್ದಣನ ಕಾವ್ಯದಲ್ಲಿ ಕೇಳುವ ಗಂಡನಿದ್ದಾನೆ, ಆದರೆ ಹೆಣ್ಣಿನ ದನಿ ಅವನ ಬರಹದೊಳಗಿದೆ. ಇಬ್ಬರಿಗೂ ತಮ್ಮ ತಮ್ಮ ದನಿ, ಇಬ್ಬರಿಗೂ ಕೇಳುವ ಕಿವಿ, ಇಬ್ಬರ ಮಾತಿಗೂ ಬೇರೆ ಬೇರೆ ಗುರುತು, ಈ ಮೂರೂ ಕೂಡಿದ ಉದಾಹರಣೆಯನ್ನು ನೋಡಬೇಕಾದರೆ ನಾವು ಕರಾವಳಿಯಿಂದ ಘಟ್ಟವೇರಿ, ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೋಗಬೇಕು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ದಾಸೋಹದ ಕಾಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮ ದಾಸೋಹವನ್ನು ನಡೆಸುವುದು ಅವರ ಕಾಯಕ. ಮಾರಯ್ಯನವರ ಅಂಕಿತ ‘ಅಮರೇಶ್ವರಲಿಂಗ’. ಲಕ್ಕಮ್ಮನವರ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಇಂದು ನಮಗೆ ದೊರೆತಿರುವುದು ಮಾರಯ್ಯನವರ ಮೂವತ್ತಕ್ಕೂ ಮಿಕ್ಕಿದ ವಚನಗಳು, ಲಕ್ಕಮ್ಮನವರ ಇಪ್ಪತ್ತೈದು ವಚನಗಳು. ಸಂಖ್ಯೆಯಲ್ಲಿ ಅಂಥ ಅಂತರವೇನೂ ಇಲ್ಲ. ನಾಡಿನ ಮಹಾಕವಿಗಳ ಮನೆಗಳಲ್ಲಿ ಎಷ್ಟು ಮಂದಿ ಗೃಹಿಣಿಯರ ಮಾತು ಹೀಗೆ ಸರಿಸಮವಾಗಿ ಉಳಿದುಬಂದಿದೆ ಎಂದು ಎಣಿಸಿ ನೋಡಿದರೆ ಇದರ ಬೆಲೆ ತಿಳಿಯುತ್ತದೆ.

ಅವರ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಈ ಬಡ ದಂಪತಿಗಳ ನಿಷ್ಠೆಯನ್ನು ಕಂಡ ಬಸವಣ್ಣನವರು ಒಂದು ದಿನ ಅಂಗಳದಲ್ಲಿ ಹೆಚ್ಚಿನ ಅಕ್ಕಿ ಚೆಲ್ಲುವಂತೆ ಮಾಡಿದರು. ಮಾರಯ್ಯನವರು ಎಂದಿನಂತೆ ಆಯ್ದರು. ಆದರೆ ಎಂದಿಗಿಂತ ಹೆಚ್ಚು ಆಯ್ದರು. ಮನೆಗೆ ಬಂದಾಗ ಲಕ್ಕಮ್ಮನವರು ಆ ಗಂಟನ್ನು ನೋಡಿ ಸಂತೋಷಪಡಲಿಲ್ಲ. ಇಷ್ಟು ಅಕ್ಕಿ ಬಂದುದು ಯಾರ ಮನಸ್ಸಿನಿಂದ, ಇದು ನಿಮ್ಮ ಆಸೆಯೋ ಬಸವಣ್ಣನವರ ಅನುಕಂಪವೋ ಎಂದು ವಿಚಾರಿಸಿದರು. ಆಸೆಯೆಂಬುದು ಆಳುವವರಿಗೆ ತಕ್ಕುದೇ ಹೊರತು ಭಕ್ತನಿಗೆ ತಕ್ಕುದಲ್ಲ, ನಮಗೆ ಎಂದಿನ ಅಳತೆಯೇ ಸಾಕು, ಮಿಕ್ಕುದನ್ನು ಅಲ್ಲಿಯೇ ಸುರಿದು ಬನ್ನಿ ಎಂಬುದು ಅವರ ಮಾತಿನ ತಾತ್ಪರ್ಯ. ಮಾರಯ್ಯನವರು ಮರುಮಾತಾಡದೆ ಹಿಂದಿರುಗಿ ಆ ಅಕ್ಕಿಯನ್ನು ಮಹಾಮನೆಯ ಅಂಗಳದಲ್ಲಿಯೇ ಚೆಲ್ಲಿ ಬಂದರು.

ಈ ಕಥೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಲಕ್ಕಮ್ಮನವರ ನಿಃಸ್ಪೃಹತೆಯನ್ನು ಕೊಂಡಾಡಿ ನಿಲ್ಲಿಸುತ್ತೇವೆ. ಇಲ್ಲಿ ಮತ್ತೊಂದು ಸಂಗತಿಯಿದೆ. ಹೆಂಡತಿ ಹೇಳಿದ ಮಾತಿಗೆ ಗಂಡ ಗಂಟನ್ನು ಹೊತ್ತು ಬಂದ ದಾರಿಯಲ್ಲಿಯೇ ಹಿಂದಿರುಗಿದ್ದಾನೆ. ಅಂಗಳದಲ್ಲಿ ಜನರಿದ್ದರು, ತಂದುದನ್ನು ಏಕೆ ಮರಳಿ ಸುರಿಯುತ್ತಿದ್ದಾನೆಂದು ಕೇಳುವವರೂ ಇದ್ದಿರಬೇಕು. ಅವನು ಸಿಟ್ಟಾಗಿದ್ದರೆ, ಹೆಂಗಸಿಗೆ ಇದೆಲ್ಲ ಏಕೆ ಎಂದು ಗುಡುಗಿದ್ದರೆ, ಲಕ್ಕಮ್ಮನವರ ಮಾತು ಆ ಗುಡಿಸಲಿನ ನಾಲ್ಕು ಗೋಡೆಗಳ ನಡುವೆಯೇ ಅಡಗಿಹೋಗುತ್ತಿತ್ತು. ಅವನು ಕೇಳಿದುದರಿಂದ ಆ ಮಾತು ವಚನವಾಯಿತು. ಆದುದರಿಂದ ಆ ವಚನದ ಹಿಂದೆ ಹೇಳಿದವಳ ಧೈರ್ಯವೂ ಇದೆ, ಕೇಳಿದವನ ವಿನಯವೂ ಇದೆ.

ಇನ್ನೊಂದು ಪ್ರಸಂಗವನ್ನು ಶೂನ್ಯಸಂಪಾದನೆ ನಿರೂಪಿಸುತ್ತದೆ. ಮಾರಯ್ಯನವರು ಅನುಭಾವ ಗೋಷ್ಠಿಯಲ್ಲಿ ಮಗ್ನರಾಗಿ ಕಾಯಕದ ವೇಳೆಯನ್ನು ಮರೆತಿದ್ದಾರೆ. ಲಕ್ಕಮ್ಮನವರು ಬಂದು, ಕಾಯಕ ನಿಂತುಹೋಗಿದೆ, ಎದ್ದು ಹೋಗಬೇಕು ಎಂದು ನೆನಪು ಮಾಡುತ್ತಾರೆ. ಪ್ರಭುದೇವರಂಥ ಮಹಾನುಭಾವಿಗಳು ಕುಳಿತ ಸಭೆಯ ಮಾತಿಗಿಂತಲೂ ಅಂದಿನ ದುಡಿಮೆ ದೊಡ್ಡದೆಂದು ತಿಳಿಸುವ ಅಧಿಕಾರ ಆ ಅಕ್ಕಿ ಆಯುವವನ ಹೆಂಡತಿಗಿತ್ತು. ಕಾಯಕವನ್ನು ಕೈಲಾಸಕ್ಕೆ ಸಮನಾಗಿ ನಿಲ್ಲಿಸಿ, ಕಾಯಕದಲ್ಲಿ ತೊಡಗಿದವನಿಗೆ ಗುರು ಲಿಂಗ ಜಂಗಮಗಳ ಹಂಗೂ ಇಲ್ಲವೆಂದು ಸಾರಿದ ಜಗತ್ಪ್ರಸಿದ್ಧ ವಚನವಿರುವುದು ಮಾರಯ್ಯನವರ ಅಂಕಿತದಲ್ಲಿ. ಆ ಮಾತು ಇಂದು ನಾಡಿನ ಕಚೇರಿ, ಕಾರ್ಖಾನೆ, ಶಾಲೆಗಳ ಗೋಡೆಗಳ ಮೇಲೆಲ್ಲ ಇದೆ. ಅದೇ ಮನೆಯಲ್ಲಿ ಕಾಯಕ ನಿಂತಿತು, ಏಳಿರಿ ಎಂದು ಹೇಳಿದವರು ಲಕ್ಕಮ್ಮನವರೆಂಬುದು ಆ ಗೋಡೆಗಳ ಮೇಲಿಲ್ಲ. ಯಾವುದು ಮೊದಲು, ಯಾವುದು ಅನಂತರ ಎಂಬ ಲೆಕ್ಕ ಇಲ್ಲಿ ಬೇಕಿಲ್ಲ. ಇಬ್ಬರೂ ಒಂದೇ ಅರಿವನ್ನು ಬಾಳಿದರು. ಒಬ್ಬರು ಅದನ್ನು ಸಿದ್ಧಾಂತವಾಗಿ ನುಡಿದರು, ಇನ್ನೊಬ್ಬರು ಅದನ್ನು ಎಚ್ಚರಿಕೆಯಾಗಿ ನುಡಿದರು. ಎಚ್ಚರಿಕೆಯಿಲ್ಲದ ಸಿದ್ಧಾಂತ ಬಹುಕಾಲ ಬದುಕುವುದಿಲ್ಲ.

ಮೋಳಿಗೆ ಮಾರಯ್ಯ ಮಹಾದೇವಿಯರದು ಇನ್ನೊಂದು ಮನೆ. ಕಾಶ್ಮೀರದ ಅರಸು ಅರಸಿಯರು ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರುವ ಕಾಯಕವನ್ನು ಕೈಕೊಂಡರೆಂದು ಸಂಪ್ರದಾಯ ಹೇಳುತ್ತದೆ. ಮಾರಯ್ಯನವರ ವಚನಗಳು ಎಂಟುನೂರರಷ್ಟಿವೆ, ಮಹಾದೇವಿಯವರವು ಎಪ್ಪತ್ತರಷ್ಟು. ಮಾರಯ್ಯನವರಿಗೆ ಕೊನೆಗಾಲದಲ್ಲಿ ಲಿಂಗೈಕ್ಯದ, ಕೈಲಾಸದ ಹಂಬಲ ಹುಟ್ಟಿದಾಗ ಅವರನ್ನು ತಿದ್ದಿದವರು ಮಹಾದೇವಿಯವರು. ಕಂಡು ಕೂಡಬೇಕಾದ ವಸ್ತು ಬೇರೊಂದು ಎಡೆಯಲ್ಲಿದೆಯೆಂದು ಭಾವಿಸುವುದೇ ಭ್ರಮೆ, ಕೂಡಿದವನಿಗೆ ಹೋಗುವ ಠಾವು ಇನ್ನಾವುದು ಎಂಬ ತತ್ತ್ವವನ್ನು ಅವರು ವಚನಗಳಲ್ಲಿ ಪತಿಗೆ ಬೋಧಿಸುತ್ತಾರೆ. ಎಂಟುನೂರು ವಚನಗಳನ್ನು ಹೇಳಿದವರು ಎಪ್ಪತ್ತನ್ನು ಹೇಳಿದವರಿಂದ ಉಪದೇಶ ಪಡೆದರು. ಅದನ್ನು ಶೂನ್ಯಸಂಪಾದನಾಕಾರರು ಮರೆಮಾಚಲಿಲ್ಲ, ಗೌರವದಿಂದ ಗ್ರಂಥದಲ್ಲಿ ಇರಿಸಿದರು.

ಈಗ ಅಂಕಿತದ ಪ್ರಶ್ನೆಗೆ ಬರೋಣ. ಗಂಡನ ಹೆಸರಿನ ಮುಂದೆ ‘ಪ್ರಿಯ’ ಎಂಬ ಪದವನ್ನು ಸೇರಿಸಿಕೊಂಡುದು ಅಧೀನತೆಯ ಗುರುತೇ? ಹಾಗೆ ತೋರುವುದು ಸಹಜ. ಆದರೆ ಹೆಂಗಸರ ಅಂಕಿತಗಳನ್ನು ಮಾತ್ರ ನೋಡದೆ ಎಲ್ಲರ ಅಂಕಿತಗಳನ್ನೂ ಒಟ್ಟಿಗೆ ನೋಡಬೇಕು. ಹಡಪದ ಅಪ್ಪಣ್ಣನವರ ಪತ್ನಿ ಲಿಂಗಮ್ಮನವರ ಅಂಕಿತ ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’. ಇಲ್ಲಿ ಗಂಡನ ಹೆಸರಿದೆ, ನಿಜ. ಆದರೆ ಅಪ್ಪಣ್ಣನವರ ಅಂಕಿತವೇನು? ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’. ಗಂಡಸಾದ ಅಪ್ಪಣ್ಣನವರೂ ತಮ್ಮ ದೈವವನ್ನು ನೇರವಾಗಿ ಕರೆಯಲಿಲ್ಲ. ಬಸವಣ್ಣನವರಿಗೆ ಪ್ರಿಯನಾದವನೆಂದೇ ಕರೆದರು. ಹಾಗಾದರೆ ‘ಪ್ರಿಯ’ ಎಂಬುದು ಹೆಣ್ಣು ಗಂಡಿಗೆ ಸಲ್ಲಿಸಿದ ಕಪ್ಪವಲ್ಲ. ಲಿಂಗವು ತನಗೆ ಯಾರ ಬಾಳಿನಲ್ಲಿ ಕಾಣಿಸಿತೋ ಅವರ ಹೆಸರನ್ನು ಲಿಂಗದ ಪಕ್ಕದಲ್ಲಿ ಬರೆಯುವ ಕೃತಜ್ಞತೆಯ ಕ್ರಮ ಅದು. ಗಂಡಸರೂ ಹಾಗೆ ಬರೆದರು, ಹೆಂಗಸರೂ ಹಾಗೆ ಬರೆದರು.

ಬಸವಣ್ಣನವರ ಮನೆಯನ್ನೇ ನೋಡಿ. ಗಂಗಾಂಬಿಕೆಯವರ ಅಂಕಿತ ‘ಗಂಗಾಪ್ರಿಯ ಕೂಡಲಸಂಗಮದೇವ’. ಪತಿಯ ಇಷ್ಟದೈವದ ಪಕ್ಕದಲ್ಲಿ ಅವರು ಇರಿಸಿದುದು ಸ್ವಂತ ಹೆಸರನ್ನು. ನೀಲಾಂಬಿಕೆಯವರ ಅಂಕಿತ ‘ಸಂಗಯ್ಯ’; ಅಲ್ಲಿ ಯಾರ ಹೆಸರೂ ಇಲ್ಲ. ಅಕ್ಕಮಹಾದೇವಿಯವರು ಲೌಕಿಕ ದಾಂಪತ್ಯವನ್ನೇ ಮೀರಿ ‘ಚೆನ್ನಮಲ್ಲಿಕಾರ್ಜುನ’ನನ್ನು ನೇರವಾಗಿ ಕರೆದರು. ಹೀಗಿರುವಾಗ ಗಂಡನ ಹೆಸರನ್ನು ಸೇರಿಸಿಕೊಳ್ಳಲೇಬೇಕೆಂಬ ಕಟ್ಟಳೆ ಶರಣೆಯರಿಗೆ ಇರಲಿಲ್ಲವೆಂಬುದು ಸ್ಪಷ್ಟ. ಲಕ್ಕಮ್ಮನವರು ಸೇರಿಸಿಕೊಂಡುದು ತಮ್ಮ ಆಯ್ಕೆಯಿಂದ. ಮೋಳಿಗೆ ಮಹಾದೇವಿಯವರದು ಇನ್ನೂ ವಿಶೇಷ. ಪತಿಯ ಅಂಕಿತ ‘ನಿಃಕಳಂಕ ಮಲ್ಲಿಕಾರ್ಜುನ’; ಪತ್ನಿಯ ಅಂಕಿತ ‘ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ’. ಗಂಡನನ್ನು ‘ಎನ್ನಯ್ಯ’ನೆಂದು ಗೌರವಿಸಿ, ದೈವಕ್ಕೆ ‘ಇಮ್ಮಡಿ’ ಎಂಬ ವಿಶೇಷಣವನ್ನು ಕೂಡಿಸಿದರು. ತಗ್ಗಿ ನಿಂತವರು ಹೀಗೆ ನುಡಿಯುವುದಿಲ್ಲ.

ಇನ್ನೊಂದು ಮಾತು. ಗಂಡನ ಹೆಸರಿರುವ ಆ ಅಂಕಿತದ ವಚನಗಳಲ್ಲಿಯೇ ಗಂಡನನ್ನು ತಿದ್ದುವ ಮಾತುಗಳಿವೆ. ಹೆಚ್ಚಿನ ಅಕ್ಕಿಯನ್ನು ಪ್ರಶ್ನಿಸಿದ ವಚನದ ಕೊನೆಯಲ್ಲಿಯೂ ಮಾರಯ್ಯನ ಹೆಸರಿದೆ. ಮಾರಯ್ಯನಿಗೆ ನಿಜವಾಗಿಯೂ ಪ್ರಿಯನಾದ ಅಮರೇಶ್ವರನು ಈ ಆಸೆಯನ್ನು ಮೆಚ್ಚನು ಎಂಬ ಧ್ವನಿ ಅಲ್ಲಿದೆ. ಎಂದರೆ ಅವಳು ಗಂಡನ ತಪ್ಪನ್ನು ಗಂಡನ ಒಳ್ಳೆಯತನದ ಎದುರಿಗೇ ಇಟ್ಟು ತೋರಿಸಿದಳು. ಬೇರೆಯವರ ಆದರ್ಶವನ್ನು ತಂದು ಅವನನ್ನು ಹೀಯಾಳಿಸಲಿಲ್ಲ. ಸಂಸಾರದಲ್ಲಿ ಒಬ್ಬರನ್ನೊಬ್ಬರು ತಿದ್ದುವ ವಿದ್ಯೆ ಇದಕ್ಕಿಂತ ಸೂಕ್ಷ್ಮವಾಗಿ ಇರಲಾರದು. ಆ ಮಗಳ ಪ್ರಶ್ನೆಗೆ ನನ್ನ ಉತ್ತರವಿಷ್ಟೆ: ಅಂಕಿತದಲ್ಲಿರುವ ಹೆಸರು ಅವನದು, ವಚನ ಅವಳದು.

ಅನ್ಯ ದೇಶಗಳ ಹಾಡುಗಾರರನ್ನು ನೋಡಿದರೂ ಇದರ ವಿಶೇಷ ತಿಳಿಯುತ್ತದೆ. ಅಮೆರಿಕ ದೇಶದಲ್ಲಿ ಹಳ್ಳಿಗಾಡಿನ ಜನರ ಸುಖದುಃಖಗಳನ್ನು ಹಾಡುವ ‘ಕಂಟ್ರಿ’ ಎಂಬ ಸಂಗೀತ ಪದ್ಧತಿಯುಂಟು. ಅದಕ್ಕೆ ಹಾಡು ಕಟ್ಟುವುದನ್ನೇ ವೃತ್ತಿ ಮಾಡಿಕೊಂಡ ದಂಪತಿಗಳು ಬೂಡ್ಲೋ ಬ್ರಯಂಟ್ ಮತ್ತು ಫೆಲೀಸ್ ಬ್ರಯಂಟ್. 1945ರಲ್ಲಿ ಮದುವೆಯಾದಾಗ ಅವರು ಸ್ಥಿತಿವಂತರಲ್ಲ. ಅವರ ಒಂದು ಹಾಡನ್ನು ಅನೇಕ ಗಾಯಕರು ಬೇಡವೆಂದು ತಳ್ಳಿದ ಮೇಲೆ, 1957ರಲ್ಲಿ ಎವರ್ಲಿ ಸಹೋದರರೆಂಬ ಗಾಯಕರು ಅದನ್ನು ಹಾಡಲಾಗಿ ಅದು ಲೋಕಪ್ರಸಿದ್ಧವಾಯಿತು. ಅವರು 1967ರಲ್ಲಿ ಬರೆದ ಇನ್ನೊಂದು ಹಾಡು 1982ರಲ್ಲಿ ಟೆನೆಸ್ಸಿ ರಾಜ್ಯದ ಅಧಿಕೃತ ಗೀತೆಗಳಲ್ಲಿ ಒಂದಾಯಿತು. ಗಂಡ 1987ರಲ್ಲಿ, ಹೆಂಡತಿ 2003ರಲ್ಲಿ ತೀರಿಕೊಂಡರು. ತಮ್ಮ ಹಾಡುಗಳನ್ನು ಅವರು ವ್ಯಾಪಾರದ ಲೆಕ್ಕ ಬರೆಯುವಂಥ ದಪ್ಪ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು ಎಂಬುದು ನನಗೆ ಹಿಡಿಸಿದ ಸಂಗತಿ. ಹಾಡು ಅವರಿಗೆ ನಿತ್ಯದ ದುಡಿಮೆಯಾಗಿತ್ತು.

ಅವರ ಅನೇಕ ಹಾಡುಗಳ ಕೆಳಗೆ ಇಬ್ಬರ ಹೆಸರೂ ಒಟ್ಟಿಗೆ ಇದೆ. ಯಾವ ಸಾಲು ಯಾರದೆಂದು ಬೇರ್ಪಡಿಸದೆ ಕೂಡಿ ಬರೆದ ಬರಹವದು. ಅದಕ್ಕೂ ಅದರದೇ ಸೊಗಸುಂಟು. ನಮ್ಮ ಶರಣ ದಂಪತಿಗಳ ಮಾರ್ಗ ಬೇರೆ. ಅವರು ಒಂದು ವಚನವನ್ನು ಇಬ್ಬರೂ ಸೇರಿ ಬರೆಯಲಿಲ್ಲ. ಒಂದೇ ಒಲೆಯ ಮುಂದೆ ಕುಳಿತು, ಒಂದೇ ಕಾಯಕವನ್ನು ಮಾಡಿ, ಒಬ್ಬೊಬ್ಬರೂ ತಮ್ಮ ತಮ್ಮ ಅರಿವನ್ನು ತಮ್ಮ ತಮ್ಮ ಅಂಕಿತದಲ್ಲಿ ನುಡಿದರು. ಸತಿಪತಿಗಳು ಒಂದಾದ ಭಕ್ತಿ ಶಿವನಿಗೆ ಹಿತವಾದುದೆಂದು ಶರಣರು ಹೇಳಿದ್ದಾರೆ. ಒಂದಾಗುವುದೆಂದರೆ ಒಬ್ಬರು ಇನ್ನೊಬ್ಬರಲ್ಲಿ ಕರಗಿ ಇಲ್ಲವಾಗುವುದಲ್ಲವೆಂಬುದಕ್ಕೆ ಈ ಎರಡು ಅಂಕಿತಗಳೇ ಪ್ರಮಾಣ.

ಇಷ್ಟೆಲ್ಲ ಉಳಿದುಬಂದುದಾದರೂ ಹೇಗೆ? ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ತಾಳೆಯೋಲೆಯ ಕಟ್ಟುಗಳಾಗಿ ಉಳಿದವು. ವಿಜಾಪುರದಲ್ಲಿ ವಕೀಲರಾಗಿದ್ದ ಡಾ. ಫ.ಗು. ಹಳಕಟ್ಟಿಯವರು ಊರೂರು ಅಲೆದು ಅವುಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮುಂದೆ 1993ರಲ್ಲಿ ಕರ್ನಾಟಕ ಸರ್ಕಾರವು ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿತು. ಅದರಲ್ಲಿ ಡಾ. ವೀರಣ್ಣ ರಾಜೂರ ಅವರು ಸಂಪಾದಿಸಿದ ಐದನೆಯ ಸಂಪುಟ ಶಿವಶರಣೆಯರಿಗೇ ಮೀಸಲು. ಇದು ದೊಡ್ಡ ಉಪಕಾರ. ಶರಣೆಯರ ಮಾತನ್ನೆಲ್ಲ ಒಂದೆಡೆ ಕಾಣುವ ಭಾಗ್ಯ ಅದರಿಂದ ಒದಗಿತು. ಆದರೆ ಈ ವ್ಯವಸ್ಥೆಯಿಂದ ಗಂಡ ಹೆಂಡತಿಯರ ವಚನಗಳು ಬೇರೆ ಬೇರೆ ಸಂಪುಟಗಳಿಗೆ ಸೇರಿದವು. ಲಕ್ಕಮ್ಮನವರು ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯಲು ಓದುಗನು ಇನ್ನೊಂದು ಪುಸ್ತಕವನ್ನು ತೆರೆಯಬೇಕು. ಗ್ರಂಥ ಸಂಪಾದನೆಯಲ್ಲಿ ಇದು ಅನಿವಾರ್ಯ. ಮನೆಯ ಪಾರಾಯಣದಲ್ಲಿ ಅನಿವಾರ್ಯವಲ್ಲ.

ಹಾಡಿಕೆಯ ವಿಷಯದಲ್ಲಿಯೂ ನಾವು ಸ್ವಲ್ಪ ಆಲೋಚಿಸಬೇಕಾಗಿದೆ. ಗದುಗಿನ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಧಾರವಾಡದ ಮಲ್ಲಿಕಾರ್ಜುನ ಮನಸೂರ ಅವರಂಥ ಮಹನೀಯರು ವಚನಗಳನ್ನು ರಾಗದಲ್ಲಿ ಹಾಡಿ ನಾಡಿಗೆ ಕೊಟ್ಟರು. ಹಳ್ಳಿಯ ಭಜನಾ ಮೇಳಗಳು ಏಕತಾರಿ, ದಮ್ಮಡಿಗಳೊಡನೆ ಅವುಗಳನ್ನು ಬಾಯಿಂದ ಬಾಯಿಗೆ ದಾಟಿಸಿದವು. ಆದರೆ ನಮ್ಮ ಸಮಾರಂಭಗಳಲ್ಲಿ ಕೇಳಿಬರುವುದು ಬಹುಪಾಲು ಬಸವಣ್ಣನವರ, ಅಕ್ಕನವರ, ಅಲ್ಲಮಪ್ರಭುಗಳ ಆಯ್ದ ಕೆಲವೇ ವಚನಗಳು. ಅಕ್ಕಿ ಆಯ್ದವರ, ಕಟ್ಟಿಗೆ ಹೊತ್ತವರ, ಹಡಪ ಹಿಡಿದವರ ಮನೆಗಳ ಮಾತು ಅಪರೂಪವಾಗಿದೆ. ಸಂಸಾರ ನಡೆಸುವವರಿಗೆ ಅತ್ಯಂತ ಹತ್ತಿರವಾಗಬೇಕಾದ ವಚನಗಳು ಅವೇ ಆಗಿವೆ.

ಏಕೆಂದರೆ ಹೆಚ್ಚಿನ ಅಕ್ಕಿ ಬರುವುದು ಹನ್ನೆರಡನೆಯ ಶತಮಾನಕ್ಕೆ ನಿಂತುಹೋಗಲಿಲ್ಲ. ಇಂದು ಅದು ಬೇರೆ ರೂಪದಲ್ಲಿ ಮನೆಗೆ ಬರುತ್ತದೆ. ಕಚೇರಿಯಿಂದ ಸಂಬಳಕ್ಕಿಂತ ಮಿಗಿಲಾದ ಹಣವಾಗಿ ಬರುತ್ತದೆ. ಅಂಗಡಿಯ ತೂಕದಲ್ಲಿ ಉಳಿಸಿದ ಲಾಭವಾಗಿ ಬರುತ್ತದೆ. ಮಗನ ಮದುವೆಯಲ್ಲಿ ಬೀಗರಿಂದ ವಸೂಲಿ ಮಾಡಿದ ವರೋಪಚಾರವಾಗಿ ಬರುತ್ತದೆ. ಆಗ ಮನೆಯೊಡತಿ ಬಾಗಿಲಲ್ಲಿ ನಿಂತು, ಇದು ಎಲ್ಲಿಂದ ಬಂದುದು, ನಮ್ಮ ಅಳತೆಗಿಂತ ಹೆಚ್ಚಲ್ಲವೇ ಎಂದು ಕೇಳುತ್ತಾಳೆಯೇ? ಕೇಳಿದರೆ ಆ ಗಂಟನ್ನು ಮರಳಿಸಿ ಬರುವ ಸತ್ತ್ವ ಗಂಡನಿಗಿದೆಯೇ? ತಾಯಿ ಸುಮ್ಮನಿದ್ದಾಗ ಮಗಳು ಕೇಳಿದರೆ, ಮಗ ಕೇಳಿದರೆ, ಅವರ ಮಾತಿಗೆ ಮನೆಯಲ್ಲಿ ಎಡೆಯಿದೆಯೇ? ಅನೇಕ ಮನೆಗಳಲ್ಲಿ ಲಕ್ಕಮ್ಮನವರ ಚಿತ್ರವಿದೆ, ಜಯಂತಿಯ ದಿನ ಅದಕ್ಕೆ ಹೂಮಾಲೆಯೂ ಬೀಳುತ್ತದೆ. ಆದರೆ ಆ ಮನೆಯ ಗೃಹಿಣಿಗೆ ಲೆಕ್ಕದ ಪುಸ್ತಕವನ್ನು ತೆರೆದು ನೋಡುವ ಅಧಿಕಾರವಿರುವುದಿಲ್ಲ. ಇದು ಕಟುವಾದ ಮಾತಾದರೂ ಹೇಳಬೇಕಾದ ಮಾತು. ಲಕ್ಕಮ್ಮನವರ ವಚನವನ್ನು ಹಾಡುವ ಮನೆಯಲ್ಲಿ ಲಕ್ಕಮ್ಮನವರ ಪ್ರಶ್ನೆಗೆ ಅವಕಾಶವಿಲ್ಲದಿದ್ದರೆ ಆ ಹಾಡಿಕೆ ಕಂಠದ ಅಭ್ಯಾಸ ಮಾತ್ರವಾಗುತ್ತದೆ.

ಕರಾವಳಿಯ ನಮ್ಮ ಬಂಧುಗಳಿಗೆ ವಿಶೇಷವಾಗಿ ಒಂದು ವಿಜ್ಞಾಪನೆ. ಕೆಳದಿಯ ಅರಸರ ಕಾಲದಿಂದಲೂ ಆ ಸೀಮೆಯಲ್ಲಿ ಲಿಂಗವಂತರ ಮನೆಗಳು ಬಾಳಿಬಂದಿವೆ. 1672ರಿಂದ 1697ರವರೆಗೆ ಆಳಿದ ರಾಣಿ ಚೆನ್ನಮ್ಮಾಜಿಯ ನೆನಪು ಅಲ್ಲಿ ಇನ್ನೂ ಹಸಿರಾಗಿದೆ. ಇಂದು ಕಾರ್ಕಳ, ಉಡುಪಿ, ಕಾಪು, ಮಣಿಪಾಲಗಳಲ್ಲಿ ಉದ್ಯೋಗ ವಿದ್ಯಾಭ್ಯಾಸಗಳ ನಿಮಿತ್ತ ಬಂದು ನೆಲೆಸಿದವರೂ ಇದ್ದಾರೆ. ಸಂಖ್ಯೆ ಅಲ್ಪವಾದಲ್ಲಿ ಮನೆಯೇ ಮಠ, ಮನೆಯವರೇ ಗೋಷ್ಠಿ. ಸುತ್ತಲೂ ಪಾಡ್ದನದ ನಾಡಿದೆ, ಯಕ್ಷಗಾನದ ನಾಡಿದೆ. ಹೆಣ್ಣಿನ ಕಂಠಕ್ಕೆ ಬೆಲೆ ಕೊಡುವ ಆ ಜನಪದರ ನಡುವೆ ಬದುಕುವ ನಮ್ಮ ಮಕ್ಕಳು ನಮ್ಮ ಪರಂಪರೆಯಲ್ಲಿ ಅಂಥ ಕಂಠ ಯಾವುದೆಂದು ಕೇಳಿದರೆ ತೋರಿಸಲು ನಮ್ಮಲ್ಲಿ ಬೇಕಾದಷ್ಟಿದೆ. ತೋರಿಸುವ ಕೆಲಸವನ್ನು ಮಾತ್ರ ನಾವು ಮಾಡಬೇಕು.

ಅದಕ್ಕೊಂದು ಸುಲಭವಾದ ಕ್ರಮವನ್ನು ಸೂಚಿಸುತ್ತೇನೆ. ವಾರದ ವಚನಗೋಷ್ಠಿಯಲ್ಲಿ ಒಂದು ದಿನವನ್ನು ದಂಪತಿಗಳ ವಚನಕ್ಕೆ ಇಡಿರಿ. ಮೊದಲು ಗಂಡನ ವಚನವನ್ನು, ಅದರ ಬೆನ್ನಿಗೇ ಹೆಂಡತಿಯ ವಚನವನ್ನು ಹಾಡಿರಿ. ಸಾಧ್ಯವಾದರೆ ಲಕ್ಕಮ್ಮನವರ ವಚನವನ್ನು ಮನೆಯ ಯಜಮಾನನೂ ಮಾರಯ್ಯನವರ ವಚನವನ್ನು ಮನೆಯೊಡತಿಯೂ ಹಾಡಲಿ. ಇನ್ನೊಬ್ಬರ ಮಾತು ತನ್ನ ಬಾಯಲ್ಲಿ ಬಂದಾಗ ಅದರ ಭಾರ ತಿಳಿಯುತ್ತದೆ. ಒಂದು ತಿಂಗಳು ಆಯ್ದಕ್ಕಿಯವರು, ಇನ್ನೊಂದು ತಿಂಗಳು ಮೋಳಿಗೆಯವರು, ಮತ್ತೊಂದು ತಿಂಗಳು ಅಪ್ಪಣ್ಣ ಲಿಂಗಮ್ಮನವರು, ಆಮೇಲೆ ಉರಿಲಿಂಗಪೆದ್ದಿ ಕಾಳವ್ವೆಯರು. ಅಂಕಿತ ಬಂದಾಗ ಅವಸರದಿಂದ ದಾಟಿಹೋಗದೆ, ಅದರಲ್ಲಿ ಯಾರ ಹೆಸರಿದೆ, ಏಕಿದೆ ಎಂದು ಮಕ್ಕಳಿಗೆ ತಿಳಿಸಿರಿ. ಹಾಡು ಮುಗಿದ ಮೇಲೆ ಒಂದು ಗಳಿಗೆ ಮೌನವಾಗಿ ಕುಳಿತು, ಈ ವಾರ ನಮ್ಮ ಮನೆಗೆ ಅಳತೆ ಮೀರಿ ಬಂದುದೇನಾದರೂ ಉಂಟೇ ಎಂದು ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಲಿ. ಇದ್ದರೆ, ಅದನ್ನು ಮರಳಿಸುವ ದಾರಿಯನ್ನು ಗಂಡ ಹೆಂಡತಿ ಕೂಡಿಯೇ ಹುಡುಕಲಿ.